ಹೆಗಲಿನಿಂದ ಗಾಲಿಗೆ: ನಡೆಯಲಾರದವರ ಸಂಚಾರದ ಕಥೆ

ಉಡುಪಿಯ ರಥಬೀದಿ ಸಮತಟ್ಟಾಗಿದೆ. ಹಗ್ಗ ಹಿಡಿದು ಎಳೆಯುವ ರಥದ ಮರದ ಗಾಲಿ ಉರುಳಬೇಕಾದರೆ ಬೀದಿಯಲ್ಲಿ ಏರಿಳಿತ ಇರಬಾರದು, ತಿರುವು ವಿಶಾಲವಾಗಿರಬೇಕು. ಆದರೆ ಬೀದಿ ಬಿಟ್ಟು ಬದಿಯ ಕಟ್ಟಡಗಳ ಒಳಗೆ ಹೋಗಬೇಕೆಂದರೆ ಮೆಟ್ಟಿಲು, ಜಗಲಿ, ಹೊಸ್ತಿಲು. ದೇವರ ಗಾಲಿಗೆ ಸಿಕ್ಕಿದ ಅನುಕೂಲ ಮನುಷ್ಯರ ಗಾಲಿಗೆ ಸಿಗಲಿಲ್ಲ. ನಡೆಯಲಾರದ ಮನುಷ್ಯರಿಗೆ ಗಾಲಿ ಎಂಬುದೇ ಆಗ ಇರಲಿಲ್ಲ; ಅವರನ್ನು ಹೊತ್ತು ಒಯ್ಯುತ್ತಿದ್ದರು.

ಈಗ ಗಾಲಿ ಬಂದಿದೆ. ಬ್ಯಾಟರಿಯಿಂದ ಓಡುವ, ಕುಳಿತು ಹಿಡಿಕೆ ತಿರುಗಿಸಿದರೆ ಸಾಗುವ ಮೊಬಿಲಿಟಿ ಸ್ಕೂಟರ್ ನಮ್ಮ ಪೇಟೆಗಳಲ್ಲೂ ಕಾಣಿಸತೊಡಗಿದೆ. ಮಕ್ಕಳು ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇದ್ದು, ಮೊಣಕಾಲು ಸೋತ ತಂದೆತಾಯಿ ಊರಿನಲ್ಲಿ ಉಳಿದಿರುವ ಮನೆಗಳು ಕರಾವಳಿಯಲ್ಲಿ ಕಡಿಮೆಯಿಲ್ಲ. ಅಂಥ ಮನೆಗಳಲ್ಲಿ ಏಳುವ ಪ್ರಶ್ನೆ: ಯಾವ ಸ್ಕೂಟರ್ ತೆಗೆದುಕೊಳ್ಳಬೇಕು? ಕಂಪೆನಿ, ಬೆಲೆಗಳ ಪಟ್ಟಿಗಿಂತ ಹೆಚ್ಚಾಗಿ ಈ ವಾಹನಗಳ ಇತಿಹಾಸವೇ ಇದಕ್ಕೆ ಉತ್ತರ ಹೇಳುತ್ತದೆ.

ಮಂಚಿಲಿನ ಕಾಲ

ರಸ್ತೆ, ಸೇತುವೆಗಳು ಆಗುವ ಮೊದಲು ಕರಾವಳಿಯಲ್ಲಿ ಉಳ್ಳವರ ವಾಹನ ಪಲ್ಲಕ್ಕಿ ಅಥವಾ ಮಂಚಿಲು. ಉದ್ದನೆಯ ದಂಡಕ್ಕೆ ತೊಟ್ಟಿಲಿನಂತೆ ಬಟ್ಟೆ ಇಳಿಬಿಟ್ಟು, ಅದರಲ್ಲಿ ಒರಗಿದವರನ್ನು ಬೋಯಿಗಳು ಹೆಗಲ ಮೇಲೆ ಹೊತ್ತು ಸಾಗುತ್ತಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳೂ ಇದನ್ನೇ ಬಳಸಿದರು. ಮಿಶನ್ನಿನ ಹಳೆಯ ಛಾಯಾಚಿತ್ರಗಳಲ್ಲಿ ಮಂಚಿಲನ್ನು ಕಾಣಬಹುದು. ಗದ್ದೆಯ ಹುಣಿ, ತೋಡಿನ ಸಂಕ, ಗುಡ್ಡದ ಕಾಲುದಾರಿ ಇವುಗಳ ಮೇಲೆ ಯಾವ ಗಾಲಿಯೂ ಹೋಗದು. ಒಬ್ಬರ ಹಿಂದೆ ಒಬ್ಬರಂತೆ ನಡೆಯುವ ಹೊರುವವರು ಹೋಗಬಲ್ಲರು. ನೆಲಕ್ಕೆ ತಕ್ಕ ವಾಹನ ಅದು.

ಆದರೆ ಹೊರುವವರನ್ನು ಇಟ್ಟುಕೊಳ್ಳಲು ಹಣ, ಅಧಿಕಾರ ಬೇಕಿತ್ತು. ಬಡವರ ಮನೆಯಲ್ಲಿ ನಡೆಯಲಾರದವರಿಗೆ ಮಗನ ಬೆನ್ನು, ಇಲ್ಲವೇ ಚಾವಡಿಯ ಮೂಲೆ. ಉಳ್ಳವರಿಗೂ ಅದು ಸ್ವಾತಂತ್ರ್ಯವಲ್ಲ. ಹೊರುವವರು ಬಂದಾಗ ಹೊರಡಬೇಕು, ಇಳಿಸಿದಲ್ಲಿ ಇಳಿಯಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಲಾರದವರನ್ನು ಡೋಲಿಯಲ್ಲಿ ಹೊತ್ತು ಒಯ್ಯುವ ಪದ್ಧತಿಯಲ್ಲಿ ಆ ಕಾಲದ ತುಣುಕೊಂದು ಇಂದಿಗೂ ಉಳಿದಿದೆ.

ಒಬ್ಬರಿಗಾಗಿ ಹುಟ್ಟಿದ ಗಾಲಿಗಳು

1655ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಪ್ರದೇಶದ ಸ್ಟೀಫನ್ ಫಾರ್‌ಫ್ಲರ್ ಎಂಬ ಗಡಿಯಾರ ತಯಾರಕ ಮೂರು ಗಾಲಿಯ ಕುರ್ಚಿಯೊಂದನ್ನು ಮಾಡಿಕೊಂಡ. ಸ್ವತಃ ನಡೆಯಲಾರದ ಆತ ಗಡಿಯಾರದ ಹಲ್ಲುಚಕ್ರಗಳ ತಿಳಿವಳಿಕೆಯನ್ನೇ ಬಳಸಿ, ಕೈಯಿಂದ ತಿರುಗಿಸಿದರೆ ಮುಂದೆ ಸಾಗುವಂತೆ ಅದನ್ನು ರೂಪಿಸಿದ್ದ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾತ್ ಎಂಬ ಬಿಸಿನೀರ ಬುಗ್ಗೆಗಳ ಊರಿನಲ್ಲಿ ರೋಗಿಗಳ ಓಡಾಟಕ್ಕೆ ‘ಬಾತ್ ಕುರ್ಚಿ’ ಬಂತು.

1918ರಲ್ಲಿ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡ ಅಮೆರಿಕದ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್‌ಗೆ ಇದ್ದ ತೊಂದರೆ, ಗಾಲಿಕುರ್ಚಿ ಕಾರಿನೊಳಗೆ ಹಿಡಿಯುವುದಿಲ್ಲ ಎಂಬುದು. ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜತೆ ಸೇರಿ 1933ರಲ್ಲಿ ಆತ ಉಕ್ಕಿನ ಕೊಳವೆಗಳ ಮಡಚುವ ಕುರ್ಚಿ ಮಾಡಿದ. ಇಂದು ಆಸ್ಪತ್ರೆಗಳಲ್ಲಿ ಕಾಣುವ ಮಡಚುವ ಗಾಲಿಕುರ್ಚಿ ಅದರದೇ ಸಂತತಿ. ಬ್ರಿಟನ್ನಿನಲ್ಲಿ ಬರ್ಟ್ ಗ್ರೀವ್ಸ್ ಪಾರ್ಶ್ವವಾಯು ಪೀಡಿತ ದಾಯಾದಿಗಾಗಿ ಮೂರು ಗಾಲಿಯ ಮೋಟಾರು ಬಂಡಿ ಮಾಡಿದ. ಅದು ಮುಂದೆ ‘ಇನ್ವಾಕಾರ್’ ಎಂದು ಸಾವಿರಾರು ಜನರಿಗೆ ತಲುಪಿತು.

ಮೊಬಿಲಿಟಿ ಸ್ಕೂಟರ್ ಹುಟ್ಟಿದ್ದು 1968ರಲ್ಲಿ. ಅಮೆರಿಕದ ಮಿಷಿಗನ್ ರಾಜ್ಯದ ಅಲನ್ ಥೀಮ್ ಕೊಳಾಯಿ ಕೆಲಸದ ಗುತ್ತಿಗೆದಾರ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದ ಕಾಲಿನ ಬಲ ಕುಂದುತ್ತಿದ್ದ ಮನೆಯವರೊಬ್ಬರಿಗಾಗಿ ಅವನು ಅದನ್ನು ರೂಪಿಸಿದ. ಅವರು ಪೂರ್ತಿ ನಡೆಯಲಾರದವರಲ್ಲ. ನಾಲ್ಕು ಹೆಜ್ಜೆ ಇಡಬಲ್ಲರು, ನೂರು ಹೆಜ್ಜೆ ಇಡಲಾರರು. ಸ್ಕೂಟರ್ ಇರುವುದು ಈ ನಡುವಿನವರಿಗಾಗಿ. ಆಚೀಚೆ ತಿರುಗುವ ಆಸನಕ್ಕೆ ತಾವಾಗಿ ಹತ್ತಿ ಇಳಿಯಬಲ್ಲ, ನೇರ ಕುಳಿತುಕೊಳ್ಳಬಲ್ಲ, ಎರಡೂ ಕೈಗಳಲ್ಲಿ ಹಿಡಿಕೆ ಹಿಡಿಯಬಲ್ಲವರಿಗೆ ಇದು ಸರಿ. ಅದಾಗದವರಿಗೆ ಬ್ಯಾಟರಿಯ ಗಾಲಿಕುರ್ಚಿಯೇ ತಕ್ಕದ್ದು.

ನಮ್ಮಲ್ಲಿ ಬಂದದ್ದು

ಭಾರತದಲ್ಲಿ 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ ಅಲಿಮ್ಕೊ ಸಂಸ್ಥೆ, 1981ರಲ್ಲಿ ಆರಂಭವಾದ ಕೇಂದ್ರದ ‘ಅಡಿಪ್’ ನೆರವು ಯೋಜನೆ ಇವುಗಳಿಂದ ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ ಊರೂರು ತಲುಪಿತು. ದೊಡ್ಡ ಗಾಲಿಗಳ ಆ ಸೈಕಲ್ ಹೊಂಡದ ರಸ್ತೆಗೂ ತಾಳಿತು. ಪೋಲಿಯೊದಿಂದ ಕಾಲು ಸೋತ ಎಷ್ಟೋ ಮಂದಿ ಅದರಲ್ಲೇ ದುಡಿಮೆಗೆ ಹೋದರು. ಬಳಿಕ ಪಕ್ಕದ ಗಾಲಿ ಜೋಡಿಸಿದ ಪೆಟ್ರೋಲ್ ಸ್ಕೂಟರ್ ಬಂತು; ರಾಜ್ಯ ಸರಕಾರವೂ ಅರ್ಹ ವಿಕಲಚೇತನರಿಗೆ ಇದನ್ನು ನೀಡುತ್ತ ಬಂದಿದೆ. 1988ರ ಮೋಟಾರು ವಾಹನ ಕಾಯಿದೆ ಅಶಕ್ತರ ವಾಹನವೆಂದರೆ ಅದಕ್ಕೆಂದೇ ತಯಾರಿಸಿದ್ದು ಮಾತ್ರ ಎಂದಿತ್ತು. ಮಾರ್ಪಾಡು ಮಾಡಿದ್ದನ್ನೂ ಅದರಲ್ಲಿ ಸೇರಿಸಿದ್ದು 2019ರ ತಿದ್ದುಪಡಿ. 2021ರಲ್ಲಿ ಮದ್ರಾಸ್ ಐಐಟಿಯ ಸಂಶೋಧನೆಯಿಂದ ‘ನಿಯೋಬೋಲ್ಟ್’ ಬಂತು. ಗಾಲಿಕುರ್ಚಿಯ ಮುಂದೆ ಮೋಟಾರಿನ ಒಂದು ಗಾಲಿ ಸಿಕ್ಕಿಸಿದರೆ ಅದು ರಸ್ತೆಯ ವಾಹನ. ಬಿಚ್ಚಿದರೆ ಮನೆಯೊಳಗಿನ ಕುರ್ಚಿ.

ಇದರ ಮಹತ್ವ ತಿಳಿಯಬೇಕಾದರೆ ಹಿಂದಿನವುಗಳ ಕೊರತೆಯನ್ನು ನೋಡಬೇಕು. ಮೂರು ಗಾಲಿಯ ಸೈಕಲ್ ಬೀದಿಯಲ್ಲಿ ಓಡಿತು, ಮನೆಯೊಳಗೆ ಬರಲಿಲ್ಲ. ಗಾಲಿಕುರ್ಚಿ ಮನೆಯೊಳಗೆ ಓಡಿತು, ಅಂಗಳ ದಾಟಲಿಲ್ಲ. ಪಕ್ಕದ ಗಾಲಿಯ ಸ್ಕೂಟರ್ ಕಚೇರಿಯ ತನಕ ಒಯ್ದು ಮೆಟ್ಟಿಲ ಬುಡದಲ್ಲಿ ಬಿಟ್ಟಿತು.

ಮೊದಲು ನೆಲ, ಬಳಿಕ ವಾಹನ

ಆದ್ದರಿಂದ ಸ್ಕೂಟರ್ ಆರಿಸುವವರು ಮೊದಲು ಅಳೆಯಬೇಕಾದದ್ದು ತಮ್ಮ ನೆಲವನ್ನು. ಮಣಿಪಾಲವನ್ನೇ ನೋಡಿ. 1953ರಲ್ಲಿ ಡಾ. ಟಿ.ಎಂ.ಎ. ಪೈ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದ ಈ ಊರು ಇರುವುದು ಗುಡ್ಡದ ಮೇಲೆ. ಏರಿನಲ್ಲಿ ಬ್ಯಾಟರಿ ಬೇಗ ಬರಿದಾಗುತ್ತದೆ. ಇಳಿಜಾರಿನಲ್ಲಿ ಹಿಡಿಕೆ ಬಿಟ್ಟೊಡನೆ ತಾನಾಗಿ ನಿಲ್ಲುವ ಬ್ರೇಕ್ ಅತ್ಯಗತ್ಯ. ಮೂರು ಗಾಲಿಯದು ಇಕ್ಕಟ್ಟಿನಲ್ಲಿ ಸುಲಭವಾಗಿ ತಿರುಗುತ್ತದೆ, ಆದರೆ ಓರೆ ನೆಲದಲ್ಲಿ ವಾಲುವ ಭಯವಿದೆ. ನಾಲ್ಕು ಗಾಲಿಯದು ಸ್ಥಿರ, ಆದರೆ ತಿರುಗಲು ಹೆಚ್ಚು ಜಾಗ ಬೇಕು. ಮಣಿಪಾಲದ ಏರಿಗೆ ನಾಲ್ಕು ಗಾಲಿ, ಉಡುಪಿ ಪೇಟೆಯ ಅಂಗಡಿ ಸಾಲಿಗೆ ಮೂರು ಗಾಲಿ ಎಂದು ಸ್ಥೂಲವಾಗಿ ಹೇಳಬಹುದು.

ಕಾಪುವಿನಲ್ಲಿ ಪರೀಕ್ಷೆ ಬೇರೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭದ ಮೆಟ್ಟಿಲನ್ನು ಯಾವ ಸ್ಕೂಟರೂ ಹತ್ತದು. ಅದರ ಕೆಳಗಿನ ಮರಳಿನಲ್ಲಿ ಸಣ್ಣ ಗಾಲಿಗಳು ಹೂತುಹೋಗುತ್ತವೆ. ಉಪ್ಪುಗಾಳಿ ಕಬ್ಬಿಣವನ್ನೂ ತಂತಿಯ ಜೋಡಣೆಗಳನ್ನೂ ತಿನ್ನುತ್ತದೆ. ಪೇಟೆಯ ಬದಿಯಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66, ಗಂಟೆಗೆ ಆರೆಂಟು ಕಿಲೋಮೀಟರ್ ಸಾಗುವ ಸ್ಕೂಟರಿಗೆ ಹೇಳಿದ ಜಾಗವಲ್ಲ.

ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪನೆಯಾದ 42 ಅಡಿಯ ಗೊಮ್ಮಟನ ಬಂಡೆಯ ಮೆಟ್ಟಿಲಾಗಲಿ, ಎದುರಿನ ದಿಬ್ಬದ ಮೇಲೆ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಯ ಮೆಟ್ಟಿಲಾಗಲಿ ಗಾಲಿಯ ಕೈಗೆ ಸಿಗುವಂಥದ್ದಲ್ಲ. ಹಳ್ಳಿಯ ಕಡೆ ಮುರಕಲ್ಲಿನ ಕಚ್ಚಾ ದಾರಿಗೆ ತಳ ಎತ್ತರವಿರುವ, ದೊಡ್ಡ ಗಾಲಿಯ ಬಂಡಿಯೇ ಬೇಕು. ಇನ್ನು ಇಡೀ ಜಿಲ್ಲೆಗೆ ಸಮಾನವಾದದ್ದು ಮಳೆ. ಮೋಟಾರಿಗೆ ನೀರು ಹೋಗದಂತೆ ಭದ್ರತೆ ಇದೆಯೇ, ಆಟಿ ತಿಂಗಳಿನಲ್ಲಿ ಕೆಟ್ಟರೆ ರಿಪೇರಿ ಮಾಡುವವರು ಹತ್ತಿರದಲ್ಲಿದ್ದಾರೆಯೇ ಎಂದು ಕೊಳ್ಳುವ ಮುನ್ನ ಕೇಳಬೇಕು.

ಎಲ್ಲಕ್ಕಿಂತ ದೊಡ್ಡ ಅಡಚಣೆ ಮನೆಯಲ್ಲೇ ಇದೆ. ಗಾಲಿಯ ಇಳಿಜಾರಿಗೆ ಒಪ್ಪಿತವಾದ ಅಳತೆ ಒಂದಕ್ಕೆ ಹನ್ನೆರಡು. ಜಗಲಿ ಒಂದು ಅಡಿ ಎತ್ತರವಿದ್ದರೆ ಇಳಿಜಾರು 12 ಅಡಿ ಉದ್ದವಿರಬೇಕು. ಅಷ್ಟು ಜಾಗ ಅಂಗಳದಲ್ಲಿ ಸಾಮಾನ್ಯವಾಗಿ ಇರುತ್ತದೆ. ಆದರೆ ಅದನ್ನು ಕಟ್ಟದೆ ಸ್ಕೂಟರ್ ತಂದರೆ ಅದು ಕೊಟ್ಟಿಗೆ ಸೇರುತ್ತದೆ, ಹಿರಿಯರು ಚಾವಡಿಯಲ್ಲೇ ಉಳಿಯುತ್ತಾರೆ.

ಮನೆಯಿಂದ ಹೊರಬಿದ್ದವರಿಗೆ ಊರೂ ದಾರಿ ಬಿಡಬೇಕಷ್ಟೆ. ಸಾರ್ವಜನಿಕ ಕಟ್ಟಡ, ಸಾರಿಗೆಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು 1995ರ ಕಾಯಿದೆ ಹೇಳಿತು; 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಬ್ಯಾಂಕ್, ಪಂಚಾಯತ್ ಕಚೇರಿ, ದೇವಸ್ಥಾನ, ಮದುವೆ ಹಾಲ್‌ಗಳ ಬಾಗಿಲು ತಲುಪಿದಾಗಲೇ ಆ ಮಾತು ನಿಜವಾಗುವುದು. ಹೊರುವವರ ಕಾಲ ಮುಗಿದಿದೆ. ಮೆಟ್ಟಿಲ ಬುಡದಲ್ಲಿ ನಾಲ್ಕು ಮಂದಿಯನ್ನು ಕೂಗಿ ಕರೆಯಬೇಕಾದ ಕಾಲ ಇನ್ನೂ ಮುಗಿದಿಲ್ಲ. ರಥ ಉರುಳಲೆಂದು ಬೀದಿಯನ್ನೇ ಸಮ ಮಾಡಿದ ಊರಿಗೆ ಬಾಗಿಲ ಮುಂದೆ ಒಂದು ಇಳಿಜಾರು ಹಾಕುವುದು ಹೊಸ ವಿದ್ಯೆಯೇನೂ ಅಲ್ಲ.