ಜಪ್ತಿ, ಮರುಜಪ್ತಿ
ನರೇಗಲ್ಲಿನ ಮಾಸ್ತರರೊಬ್ಬರು ಆದಾಯ ತೆರಿಗೆ ಬಾಕಿ ಉಳಿಸಿಕೊಂಡರೆ ಸಂಬಳಕ್ಕೇ ಜಪ್ತಿ ಬರಬಹುದು. ಆದರೂ ಎಲ್ಲ ಹೋಗದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಒಂದು ಪಾಲನ್ನು ಹೊಟ್ಟೆಪಾಡಿಗೆ ಬಿಡುತ್ತದೆ.

ಸಂಬಳವಿಲ್ಲದ ರೈತನ ಪಾಡೇನು? ನೀರಿನ ಕರದ ಬಾಕಿ ಭೂಕಂದಾಯದ ಬಾಕಿಯಂತೆಯೇ ವಸೂಲಾಗುತ್ತಿತ್ತು. ಪಕ್ಕದ ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಕಾಲುವೆಯ ನೀರು ಎಲ್ಲ ಹೊಲಗಳಿಗೆ ಮುಟ್ಟುವ ಮೊದಲೇ ನೀರಿನ ಕರ, ಬೆಟರ್‌ಮೆಂಟ್ ಲೆವಿಗಳ ಹೊರೆ ಬಿತ್ತು. ರೈತರು ಕೊಡಲೊಲ್ಲೆವೆಂದರು. 1980ರ ಜುಲೈ 21ರಂದು ಗೋಲಿಬಾರ್ ಆಯಿತು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಮಡಿದರು. ಪೊಲೀಸರೂ ಸತ್ತರೆಂಬುದನ್ನು ಮರೆಯಬಾರದು.

ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಮುಂದೆ ಹಳ್ಳಿಗಳ ಬಾಗಿಲಲ್ಲಿ, ವಸೂಲಿಗೆ ಬರುವ ಅಧಿಕಾರಿ ಅಪ್ಪಣೆಯಿಲ್ಲದೆ ಒಳಬರಕೂಡದೆಂಬ ಫಲಕಗಳು ಎದ್ದವು. ಜಪ್ತಿಯಾದ ಸಾಮಾನನ್ನು ರೈತರೇ ಹೋಗಿ ವಾಪಸು ಹೊತ್ತು ತಂದರು. ಅದಕ್ಕೆ ಅವರಿಟ್ಟ ಹೆಸರು ಮರುಜಪ್ತಿ.