ದವಾಖಾನೆಯ ಗೋಡೆಗೆ ಚಿತ್ರ ಯಾಕೆ ಬೇಕು?

ನಮ್ಮ ಬಾಗೇವಾಡಿ ಕಡೆ ಹಿರಿಯರು 'ಆಸ್ಪತ್ರೆ' ಅನ್ನುವುದು ಕಡಿಮೆ. 'ದವಾಖಾನಿಗೆ ಹೋಗಿ ಬರ್ತೀನಿ' ಅಂತಾರೆ. ದವಾ ಅಂದರೆ ಔಷಧಿ, ಖಾನಾ ಅಂದರೆ ಮನೆ. ಪಾರ್ಸಿ ಮೂಲಕ ನಮಗೆ ಬಂದ ಮಾತು. ಸುಲ್ತಾನರ ಕಾಲದಲ್ಲಿ ಇದಕ್ಕೆ ಇನ್ನೊಂದು ಹೆಸರಿತ್ತು: ದಾರುಲ್ ಶಿಫಾ. ಗುಣವಾಗುವ ಮನೆ ಅಂತ ಅರ್ಥ. ಔಷಧಿ ಸಿಗುವ ಮನೆ ಬೇರೆ, ಗುಣವಾಗುವ ಮನೆ ಬೇರೆ. ಈ ವ್ಯತ್ಯಾಸ ನಮ್ಮ ಹಿಂದಿನವರಿಗೆ ಗೊತ್ತಿತ್ತು ಅನ್ನುವುದಕ್ಕೆ ಕನ್ನಡ ನಾಡಿನಲ್ಲೇ ಸಾಕ್ಷಿಗಳಿವೆ.

ಮೊದಲನೆಯದು ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿ. ಅಲ್ಲಿನ ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ಅದು ವ್ಯಾಕರಣ ಕಲಿಯುವ ಜಾಗ, ಅನಾಥ ರೋಗಿಗಳಿಗೆ ಚಿಕಿತ್ಸೆ ಸಿಗುವ ಜಾಗ, ಕುಂಟರು ಕುರುಡರಿಗೆ ಅನ್ನ ಸಿಗುವ ಜಾಗ. ಅದೇ ಪಟ್ಟಿಯಲ್ಲಿ ಕಥೆ ಹೇಳುವವರು, ಹಾಡುವವರು, ವಾದ್ಯ ಬಾರಿಸುವವರೂ ಬರುತ್ತಾರೆ. ರೋಗಿಯೂ ಕಲಾವಿದನೂ ಒಂದೇ ಮಠದ ಆಸರೆಯಲ್ಲಿದ್ದರು.

ಎರಡನೆಯದು ಬೀದರ. ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ (1436–1458) ಅಲ್ಲಿ ದವಾಖಾನೆ ಕಟ್ಟಿಸಿದ. ರೋಗಿಗಳ ಔಷಧಿ, ಊಟದ ಖರ್ಚಿಗೆ ಹಳ್ಳಿಗಳ ಹುಟ್ಟುವಳಿ ಬಿಟ್ಟುಕೊಟ್ಟ. ಹಿಂದೂ ವೈದ್ಯರು, ಮುಸ್ಲಿಂ ಹಕೀಮರು ಇಬ್ಬರನ್ನೂ ನೇಮಿಸಿದ. ಇದನ್ನು ಬರೆದಿಟ್ಟವನು ಫಿರಿಸ್ತಾ. ಆತ ನಮ್ಮ ವಿಜಾಪುರದ ಆಸ್ಥಾನಕ್ಕೆ 1589ರಲ್ಲಿ ಬಂದವನು. ಎರಡನೇ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಇತಿಹಾಸ ಬರೆದ. ವೈದ್ಯವೂ ಗೊತ್ತಿತ್ತು. ಭಾರತದ ವೈದ್ಯಪದ್ಧತಿಯ ಮೇಲೆ ಪಾರ್ಸಿಯಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾನೆ.

ಹಾಗಾದರೆ ಆ ಕಾಲದ ಚಿತ್ರಗಳು ಎಲ್ಲಿದ್ದವು? ವಿಜಯಪುರದಿಂದ ಸಿಂದಗಿ ಕಡೆ ಹೋಗುವಾಗ ಕುಮಟಗಿ ಸಿಗುತ್ತದೆ. ಅಲ್ಲಿನ ನೀರಿನ ಮಹಲಿನ ಗೋಡೆ ಮೇಲೆ ಕುಸ್ತಿ ಹಿಡಿಯುವವರು, ಕುದುರೆ ಏರಿ ಚೆಂಡಾಡುವವರು, ವಾದ್ಯ ನುಡಿಸುವವರನ್ನು ಬರೆದಿದ್ದರು. ವಿಜಯಪುರದ ಅಸರ್ ಮಹಲಿನ ಮೇಲಂತಸ್ತಿನಲ್ಲಿ ಹೂವು, ಹೂದಾನಿಗಳ ಚಿತ್ರಗಳಿವೆ. ಕುಮಟಗಿಯವು ಈಗ ಬಹುಪಾಲು ಮಾಸಿವೆ. ತಂಪು ನೀರು, ಬಣ್ಣದ ಗೋಡೆ, ಮನಸ್ಸಿಗೆ ಹಗುರ: ಇದೆಲ್ಲ ದೊರೆಗಳ ವಿಶ್ರಾಂತಿಗೆ. ಬಡವರ ಮನೆಯಲ್ಲಿ ಆ ಕೆಲಸವನ್ನು ಹೆಣ್ಣುಮಕ್ಕಳು ಸುಣ್ಣ, ಕೆಮ್ಮಣ್ಣು, ರಂಗೋಲಿಯಿಂದ ಮಾಡಿದರು. ಹಬ್ಬ ಬಂದರೆ ಮೊದಲು ಗೋಡೆ ಸಾರಿಸುವ ಜನ ನಾವು.

ಆದರೆ ಜಡ್ಡು ಬಿದ್ದು ಮಲಗಿದಾಗ ನಮ್ಮ ಕಣ್ಣಿಗೆ ಏನು ಸಿಗುತ್ತದೆ? ಸುದ್ದಿಗಾಗಿ ಊರೂರು ತಿರುಗುವ ನಾವು ನೋಡಿದ ಎಷ್ಟೋ ವಾರ್ಡುಗಳಲ್ಲಿ ಉದುರಿದ ಸುಣ್ಣ, ಮೂಲೆಯಲ್ಲಿ ಗುಟಕಾ ಕಲೆ, ಹೆದರಿಸುವ ರೋಗದ ಪೋಸ್ಟರು. ಚೊಚ್ಚಲ ಹೆರಿಗೆಗೆ ಬಂದ ಹುಡುಗಿ ರಾತ್ರಿಯಿಡೀ ಅದನ್ನೇ ನೋಡುತ್ತಾ ನೋವು ತಿನ್ನಬೇಕು. ಸೂಜಿಗೆ ಹೆದರಿದ ಕೂಸು ಗೋಡೆ ನೋಡಿ ಇನ್ನಷ್ಟು ಹೆದರುತ್ತದೆ.

'ಚಿತ್ರದಿಂದ ಜಡ್ಡು ವಾಸಿ ಆಗ್ತದೇನು?' ಅಂತ ನೀವು ಕೇಳಬಹುದು. ಆಗುವುದಿಲ್ಲ. ಆದರೆ ನೋವು ತಡೆದುಕೊಳ್ಳುವ ಶಕ್ತಿಗೆ ಕಣ್ಣಿನ ನೋಟವೂ ಸೇರುತ್ತದೆ. ದಾದಿಯರ ಕೆಲಸಕ್ಕೆ ಹೊಸ ದಾರಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಪುಸ್ತಕದಲ್ಲೇ ಇದನ್ನು ಹೇಳಿದ್ದಾರೆ. ಬಣ್ಣ, ಹೂವು, ಚೆಂದದ ವಸ್ತುಗಳು ರೋಗಿಯ ಮನಸ್ಸಿಗಷ್ಟೇ ಅಲ್ಲ, ದೇಹಕ್ಕೂ ನಾಟುತ್ತವೆ ಎಂಬುದು ಅವರು ವಾರ್ಡಿನಲ್ಲಿ ಕಂಡ ಮಾತು.

ಲೆಕ್ಕ ಸಮೇತ ತೋರಿಸಿದವರು ಅಮೆರಿಕದ ರೋಜರ್ ಉಲ್ರಿಚ್. ಒಂದೇ ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಆಪರೇಷನ್ ಆದವರ ದಾಖಲೆ ತೆಗೆದರು. 23 ಮಂದಿಯ ಕಿಟಕಿಗೆ ಗಿಡಮರ ಕಾಣುತ್ತಿತ್ತು, ಇನ್ನು 23 ಮಂದಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು. ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಯಿತು. ಇದು 1984ರಲ್ಲಿ ಪ್ರಕಟವಾಯಿತು. ಮುಂದೆ ಸ್ವೀಡನ್ನಿನಲ್ಲಿ ಹೃದಯದ ಆಪರೇಷನ್ ಆದವರ ಮುಂದೆ ಚಿತ್ರ ಇಟ್ಟು ನೋಡಿದರು. ನೀರು, ಮರ ಇರುವ ಚಿತ್ರ ಕಂಡವರಲ್ಲಿ ಆತಂಕ ತಗ್ಗಿತು. ಅರ್ಥವಾಗದ ಗೆರೆಗಳ ಚಿತ್ರ ಮಾತ್ರ ಆತಂಕ ಹೆಚ್ಚಿಸಿತು.

ಅಂದರೆ ಏನಾದರೂ ಬಳಿದರೆ ಸಾಲದು. ಎಲ್ಲಿ ಬಳಿಯಬೇಕು ಅನ್ನುವುದೂ ಮುಖ್ಯ. ಫಿನ್ಲೆಂಡಿನ ಪೈಮಿಯೊ ಊರಿನಲ್ಲಿ 1933ರಲ್ಲಿ ತೆರೆದ ಕ್ಷಯ ಆಸ್ಪತ್ರೆಯಲ್ಲಿ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಚಾವಣಿಗೆ ತಂಪು ಹಸಿರು ಬಣ್ಣ ಹಾಕಿಸಿದರು. ಕಾರಣ ಸರಳ. ಮಲಗಿದ ರೋಗಿ ನೋಡುವುದು ಗೋಡೆಯನ್ನಲ್ಲ, ಚಾವಣಿಯನ್ನು.

ನಮ್ಮ ಸರ್ಕಾರದ ಯೋಜನೆಗಳಲ್ಲೂ ಇದಕ್ಕೆ ಜಾಗವಿದೆ. ಕೇಂದ್ರ ಆರೋಗ್ಯ ಇಲಾಖೆ 2015ರಲ್ಲಿ ಶುರು ಮಾಡಿದ 'ಕಾಯಕಲ್ಪ' ಸರ್ಕಾರಿ ದವಾಖಾನೆಗಳ ಸ್ವಚ್ಛತೆ, ಕಟ್ಟಡದ ನಿಗಾಕ್ಕೆ ಅಂಕ ಕೊಟ್ಟು ಬಹುಮಾನ ಕೊಡುತ್ತದೆ. 2021ರ 'ಮುಸ್ಕಾನ್' ಮಕ್ಕಳ ವಾರ್ಡು ಮಕ್ಕಳಿಗೆ ಒಗ್ಗುವಂತಿರಬೇಕು ಅನ್ನುತ್ತದೆ. ಊರಿನವರೂ ಕೇಳಬಹುದಾದ ಜಾಗ ಆರೋಗ್ಯ ರಕ್ಷಾ ಸಮಿತಿ.

ಬರೆಯುವವರು ಯಾರು? ಫ್ಲೆಕ್ಸ್ ಬಂದ ಮೇಲೆ ಕೈಯಲ್ಲಿ ಬೋರ್ಡು ಬರೆಯುತ್ತಿದ್ದ ಕಲಾವಿದರ ಕೆಲಸ ಹೋಯಿತು. ಕುಂಚ ಹಿಡಿಯಲು ಬರುವವರು ಊರಲ್ಲಿ ಇನ್ನೂ ಇದ್ದಾರೆ, ಶಾಲೆಗಳಲ್ಲಿ ಚಿತ್ರಕಲಾ ಮಾಸ್ತರರಿದ್ದಾರೆ. ಬರೆಯುವುದಕ್ಕೂ ಕೊರತೆಯಿಲ್ಲ: ತೆನೆ ತುಂಬಿದ ಬಿಳಿಜೋಳದ ಹೊಲ, ಕಾರಹುಣ್ಣಿಮೆಗೆ ಸಿಂಗರಿಸಿದ ಎತ್ತು, ಆಲಮಟ್ಟಿ ಹಿನ್ನೀರಿನ ಹಕ್ಕಿಗಳು. ತೊಳೆದರೂ ಹೋಗದ ಬಣ್ಣ ಬಳಸಬೇಕು, ವಾರ್ಡಿನಲ್ಲಿ ಸ್ವಚ್ಛತೆಗೆ ಅಡ್ಡಿಯಾಗಬಾರದು. ರೋಗದ ಮಾಹಿತಿ ಫಲಕಗಳು ಬೇಕೇ ಬೇಕು, ಅವು ಚೀಟಿ ಮಾಡಿಸುವ ಕಡೆ ಇರಲಿ. ಹಾಸಿಗೆಯ ಎದುರು ಬೇಡ.

ಒಂದು ಮಾತು ಸ್ಪಷ್ಟವಿರಲಿ. ಡಾಕ್ಟರಿಲ್ಲದ, ಔಷಧಿಯಿಲ್ಲದ ದವಾಖಾನೆಗೆ ಬಣ್ಣ ಬಳಿದರೆ ಅದು ಮೋಸ. ಮೊದಲು ಡಾಕ್ಟರು, ನರ್ಸು, ನೀರು. ಅವು ಇದ್ದ ಕಡೆಯೂ ಬಡವರ ಗೋಡೆ ಬೋಳಾಗಿಯೇ ಇರಬೇಕು ಅನ್ನುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಮುಂದಿನ ಸಲ ನಿಮ್ಮೂರ ದವಾಖಾನೆಗೆ ಹೋದಾಗ ಮಲಗಿದವರ ಎದುರಿನ ಗೋಡೆ ನೋಡಿ, ಅಲ್ಲಿ ಏನಿದ್ದರೆ ಚೆಂದ ಅಂತ ಅವರನ್ನೇ ಕೇಳಿ. ಆ ಉತ್ತರವನ್ನು ಸಮಿತಿಗೆ ಅರ್ಜಿಯಾಗಿ ಬರೆದು ಕೊಡಿ.