ಗಡಿಯ ಆಕಾರ, ಒಳಗಿನ ಕ್ರಮ: ದ್ರವಸ್ಫಟಿಕಗಳಲ್ಲಿ ಸ್ಥಿತ್ಯಂತರದ ಅಧ್ಯಯನ

1888ರಲ್ಲಿ ಪ್ರಾಗ್‌ನ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್, ಕೊಲೆಸ್ಟೆರಿಲ್ ಬೆಂಜೋಯೇಟ್ ಎರಡು ಸಲ ಕರಗುವುದನ್ನು ಕಂಡರು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನವು ಮಸುಕಾದ ದ್ರವವಾಯಿತು, 178.5ರಲ್ಲಿ ಆ ದ್ರವ ತಿಳಿಯಾಯಿತು. 1922ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರೀಡೆಲ್ ಘನಕ್ಕೂ ತಿಳಿ ದ್ರವಕ್ಕೂ ನಡುವಿನ ಇಂಥ ದ್ರವಸ್ಫಟಿಕ ಪ್ರಾವಸ್ಥೆಗಳನ್ನು ನೆಮ್ಯಾಟಿಕ್ (ಅಣುಗಳು ಒಂದೇ ದಿಕ್ಕಿಗೆ ವಾಲಿರುವುದು), ಸ್ಮೆಕ್ಟಿಕ್ (ಪದರಗಳಾಗಿಯೂ ಜೋಡಿಸಿಕೊಂಡಿರುವುದು), ಕೊಲೆಸ್ಟೆರಿಕ್ (ಆ ದಿಕ್ಕು ಸುರುಳಿಯಾಗಿ ತಿರುಗುವುದು) ಎಂದು ವಿಂಗಡಿಸಿದರು. ತಂಪಾಗುವ ದ್ರವದಲ್ಲಿ ಸ್ಮೆಕ್ಟಿಕ್ ಪ್ರಾವಸ್ಥೆ ದುಂಡು ಹನಿಯಾಗಿ ಹುಟ್ಟದೆ ಪುಟ್ಟ ಕೋಲುಗಳಾಗಿ ಹುಟ್ಟುತ್ತದೆ ಎಂಬುದು ಆಗಲೇ ಗೊತ್ತಿತ್ತು. ಹೊರಗಿನ ಆಕಾರದಲ್ಲಿ ಒಳಗಿನ ಪದರಗಳ ಗುರುತಿತ್ತು. ಆದರೆ ಒಂದು ಪ್ರಾವಸ್ಥೆ ಇನ್ನೊಂದನ್ನು ಆವರಿಸುತ್ತ ಸಾಗುವಾಗ ನಡುವಿನ ಗಡಿ ಹೇಗೆ ವರ್ತಿಸುತ್ತದೆ ಎಂಬ ಪ್ರಶ್ನೆ ಬಹುಕಾಲ ಉತ್ತರವಿಲ್ಲದೆ ಉಳಿಯಿತು.

ಉತ್ತರದ ಮೊದಲ ಎಳೆ ಬಂದದ್ದು ಲೋಹವಿಜ್ಞಾನದಿಂದ. 1963–64ರಲ್ಲಿ ಮಲ್ಲಿನ್ಸ್ ಮತ್ತು ಸೆಕರ್ಕಾ, ಘನ-ದ್ರವಗಳ ನಡುವೆ ಸಾಗುವ ಗಡಿ ಯಾಕೆ ಸಪಾಟಾಗಿ ಉಳಿಯುವುದಿಲ್ಲ ಎಂಬುದನ್ನು ಗಣಿತದಿಂದ ತೋರಿಸಿದರು. ಗಡಿಯು ಕಶ್ಮಲಗಳನ್ನು ತನ್ನ ಮುಂದಕ್ಕೆ ತಳ್ಳುತ್ತದೆ. ಎಲ್ಲಾದರೂ ಚಿಕ್ಕ ಉಬ್ಬೊಂದು ಎದ್ದರೆ ಅದರ ತುದಿಯಿಂದ ಕಶ್ಮಲ ಸುಲಭವಾಗಿ ಚದುರುತ್ತದೆ. ಹಾಗಾಗಿ ಉಬ್ಬು ಇನ್ನಷ್ಟು ಬೆಳೆಯುತ್ತದೆ. ಮೇಲ್ಮೈ ಎಳೆತ ಅದನ್ನು ಅಡಗಿಸಲು ನೋಡುತ್ತದೆ. ಈ ಹಗ್ಗಜಗ್ಗಾಟವೇ ಗಡಿಯ ಮೇಲೇಳುವ ಅಲೆಗಳ ಅಗಲವನ್ನು ನಿರ್ಧರಿಸುತ್ತದೆ.

ಈ ಸಿದ್ಧಾಂತವನ್ನು ಒರೆಗೆ ಹಚ್ಚಲು ದ್ರವಸ್ಫಟಿಕಗಳು ಹೇಳಿಮಾಡಿಸಿದಂತಿದ್ದವು. ಅವು ಪಾರದರ್ಶಕ, ನೆಮ್ಯಾಟಿಕ್ ಸ್ಥಿತ್ಯಂತರದ ಗುಪ್ತೋಷ್ಣ ಬಹಳ ಕಡಿಮೆ, ಗಡಿಯ ಎರಡೂ ಬದಿ ಹರಿಯುವ ವಸ್ತುವೇ ಆದ್ದರಿಂದ ಕಶ್ಮಲ ಎರಡೂ ಕಡೆ ಹರಡಬಲ್ಲದು. 1987ರಿಂದ ಭೌತವಿಜ್ಞಾನಿಗಳಾದ ಓಸ್ವಾಲ್ಡ್, ಬೆಖೋಫರ್, ಲಿಬ್‌ಶಾಬರ್ ಅವರು ಎರಡು ಗಾಜಿನ ನಡುವಿನ ತೆಳು ಪದರವನ್ನು ಬಿಸಿಯಿಂದ ತಂಪಿನತ್ತ ನಿಯತ ವೇಗದಲ್ಲಿ ಎಳೆಯುತ್ತ ನೆಮ್ಯಾಟಿಕ್ ಮತ್ತು ಸಾಮಾನ್ಯ ದ್ರವದ ನಡುವಿನ ಗಡಿಯನ್ನು ಗಮನಿಸಿದರು. ವೇಗ ಒಂದು ಮಿತಿ ದಾಟಿದೊಡನೆ ಸಪಾಟು ಗಡಿಯಲ್ಲಿ ಅಲೆಗಳ ಸಾಲು ಎದ್ದಿತು. ಆ ಸಾಲಿನುದ್ದಕ್ಕೂ ಒಂಟಿ ಅಲೆಗಳು ಪಕ್ಕಕ್ಕೆ ಚಲಿಸುವುದೂ 1988ರಲ್ಲಿ ಕಂಡಿತು.

ಮುಂದಿನ ತಿರುವಿಗೆ ಬೆಂಗಳೂರಿನ ನಂಟಿದೆ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳೂ ಕಂಬಗಳಾಗಿ ಪೇರಿಕೊಂಡು ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಹತ್ತು ವರ್ಷ ಕಳೆದ ಮೇಲೆ ಓಸ್ವಾಲ್ಡ್ ಮತ್ತು ಸಂಗಡಿಗರು ಇದೇ ಬಗೆಯ, ಷಟ್ಕೋನ ಜೋಡಣೆಯ ಕಂಬಗಳುಳ್ಳ ವಸ್ತುವಿನ ಬೆಳವಣಿಗೆ ಅಳೆದರು. ನಿಧಾನವಾಗಿ ಬೆಳೆದಾಗ ಎಸಳುಗಳು, ಬೆಳವಣಿಗೆಯ ಒತ್ತಡ ಏರಿದಾಗ ಆರು ಕೈಗಳ ಕವಲುಗಳು, ಇನ್ನೂ ಏರಿದಾಗ ದಟ್ಟ ಕವಲೊಡೆತ! ಬುಡಾಪೆಸ್ಟ್‌ನಲ್ಲಿ ಆಗ್ನೆಶ್ ಬುಕಾ ಅವರ ತಂಡ ಸ್ಮೆಕ್ಟಿಕ್‌ನ ಒಂದು ಬಗೆಯಾದ ಸ್ಮೆಕ್ಟಿಕ್-ಬಿಯ ಕವಲುಗಳನ್ನು ಅಭ್ಯಸಿಸಿತು. ಬೆಳವಣಿಗೆಯನ್ನು ನಿಯತ ಅವಧಿಗೊಮ್ಮೆ ಪ್ರಚೋದಿಸಿದರೆ ಪಕ್ಕದ ಕವಲುಗಳು ಕ್ರಮಬದ್ಧವಾಗುತ್ತವೆಂದು 1999ರಲ್ಲಿ ತೋರಿಸಿತು.

ಈ ಕ್ಷೇತ್ರದ ಅತಿ ಬೆಲೆಬಾಳುವ ಫಲ ಮಾತ್ರ ಗಡಿಯ ವೇಗದಿಂದ ದೊರೆತದ್ದು. ನೆಮ್ಯಾಟಿಕ್‌ನಿಂದ ಸ್ಮೆಕ್ಟಿಕ್‌ನ ಇನ್ನೊಂದು ಬಗೆಯಾದ ಸ್ಮೆಕ್ಟಿಕ್-ಎಗೆ ಆಗುವ ಬದಲಾವಣೆ ಹಠಾತ್ತಾದದ್ದೋ, ನಿರಂತರವಾದದ್ದೋ? ಅದು ಅತಿ ದುರ್ಬಲವಾಗಿಯಾದರೂ ಹಠಾತ್ತಾದದ್ದೇ ಎಂದು 1974ರಲ್ಲಿ ಭೌತವಿಜ್ಞಾನಿಗಳಾದ ಹಾಲ್ಪೆರಿನ್, ಲುಬೆನ್‌ಸ್ಕಿ, ಮಾ ವಾದಿಸಿದ್ದರು. ಅಂಥ ಬದಲಾವಣೆಯ ಗುಪ್ತೋಷ್ಣದ ಇಷ್ಟು ಸಣ್ಣ ಜಿಗಿತ ಉಷ್ಣಮಾಪನಕ್ಕೆ ಸಿಗುವುದು ಕಷ್ಟ. 1989ರಲ್ಲಿ ಪೆಟ್ರೀಷಿಯಾ ಕ್ಲ್ಯಾಡಿಸ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ನಿರಂತರ ಬದಲಾವಣೆಯಲ್ಲಿ ಎರಡು ಪ್ರಾವಸ್ಥೆಗಳು ಒಟ್ಟಿಗಿರಲಾರವು. ಆದ್ದರಿಂದ ಬಿಸಿಮಾಡಿದಾಗಲೂ ತಂಪಾಗಿಸಿದಾಗಲೂ ಸ್ಪಷ್ಟ ಗಡಿಯೊಂದು ಚಲಿಸಿದರೆ ಬದಲಾವಣೆ ಹಠಾತ್ತೇ ಆಗಿರಬೇಕು. ಅವರು ಅಂಥ ಗಡಿಯನ್ನು ಕಂಡು, ಅದರ ವೇಗ ಅಳೆದರು.

ಕೋಲು, ಎಸಳು, ಅಲೆಗಳನ್ನು ಬರಿಯ ಚೆಲುವೆಂದು ನೋಡಿ ಸುಮ್ಮನಾಗಬಾರದು ಎನ್ನುವುದಕ್ಕೆ ಈ ಪ್ರಯೋಗವೇ ಸಾಕ್ಷಿ. ಅಣುಗಳ ಜೋಡಣೆ, ಕಶ್ಮಲದ ಹರಡುವಿಕೆ, ಸ್ಥಿತ್ಯಂತರದ ಸ್ವಭಾವ, ಮೂರೂ ಗಡಿಯಲ್ಲೇ ಒಟ್ಟಿಗೆ ಅಳತೆಗೆ ಸಿಗುತ್ತವೆ.